ಡೇಟಿಂಗ್ ಆ್ಯಪ್‌ನಲ್ಲಿ ಮ್ಯಾಚ್ ಬರದಿದ್ದಾಗ ಸರಿಮಾಡಿದ ಬಗೆ: ನನ್ನ ಅನುಭವ

ಹಿಂಜ್ (Hinge) ಆ್ಯಪ್‌ನಲ್ಲಿ ಎಷ್ಟು ಲೈಕ್ ಕಳಿಸಿದರೂ ಉತ್ತರ ಇಲ್ಲ ಅಂದರೆ ದುಡ್ಡು ಕೊಟ್ಟು ಪ್ಲಾನ್ ತಗೊಳ್ಳುವ ಮೊದಲು ಪ್ರೊಫೈಲ್ ತಿದ್ದಿ. ಪ್ಲಾನ್ ತಗೊಂಡರೆ ಅದೇ ಸಪ್ಪೆ ಪ್ರೊಫೈಲ್ ಇನ್ನಷ್ಟು ಜನಕ್ಕೆ ಕಾಣುತ್ತದೆ, ಅಷ್ಟೇ.

ಮೊದಲ ಫೋಟೊದಲ್ಲಿ ನೀವೊಬ್ಬರೇ ಇರಿ. ಕೂಲಿಂಗ್ ಗ್ಲಾಸ್ ಬೇಡ, ಮುಖದ ಮೇಲೆ ಹಗಲಿನ ಬೆಳಕು ಬೀಳಲಿ. ಗುಂಪಿನ ಫೋಟೊ ಒಂದು ಸಾಕು, ಅದೂ ಕೊನೆಗೆ.

ನನಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಪ್ರಾಂಪ್ಟ್‌ಗಳು, ಅಂದರೆ ಆ್ಯಪ್ ಕೊಡುವ ಪ್ರಶ್ನೆ ಅಥವಾ ಅರ್ಧ ವಾಕ್ಯಕ್ಕೆ ಪ್ರೊಫೈಲ್‌ನಲ್ಲಿ ನಾವು ಬರೆಯುವ ಉತ್ತರ. ಮೂರು ಉತ್ತರ, ಒಂದೊಂದಕ್ಕೆ ಹೆಚ್ಚೆಂದರೆ 150 ಅಕ್ಷರ. ‘ಟ್ರಾವೆಲ್, ಮ್ಯೂಸಿಕ್, ಫುಡ್ ಇಷ್ಟ’ ಅಂತ ಬರೆದರೆ ಎದುರಿನವರಿಗೆ ಕೇಳಲು ಏನೂ ಸಿಗುವುದಿಲ್ಲ. ‘ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಎರಡು ಸುತ್ತು, ಆಮೇಲೆ ಸೆಟ್ ದೋಸೆ. ನಿಮಗೆ ಸಾಗು ಬೇಕೋ, ಚಟ್ನಿ ಸಾಕೋ?’ ಅಂತ ಹಾಕಿ ನೋಡಿ. ಜಾಗ ಇದೆ, ಪ್ರಶ್ನೆ ಇದೆ, ಉತ್ತರಿಸುವುದೂ ಸುಲಭ. ಮದುವೆಯ ಉದ್ದೇಶ ಇದ್ದರೆ ಅದನ್ನೂ ಇಲ್ಲೇ ನೇರವಾಗಿ ಹೇಳಿಬಿಡಿ; ಸುಮ್ಮನೆ ಟೈಂಪಾಸ್‌ಗೆ ಬಂದವರು ತಾವೇ ದೂರ ಸರಿಯುತ್ತಾರೆ.

ಹಿಂಜ್‌ನಲ್ಲಿ ಲೈಕ್ ಹೋಗುವುದು ನಿರ್ದಿಷ್ಟ ಫೋಟೊಗೆ ಅಥವಾ ಉತ್ತರಕ್ಕೆ. ಉಚಿತ ಖಾತೆಯಲ್ಲಿ ದಿನಕ್ಕೆ ಇಷ್ಟೇ ಅಂತ ಮಿತಿ ಇರುವುದರಿಂದ ಪ್ರತಿ ಲೈಕ್ ಜೊತೆ ಒಂದು ಸಾಲು ಬರೆಯಿರಿ. ಬರೀ ‘ಹಾಯ್’ ಬೇಡ.

ಮಾತು ಕುದುರಿದ ಮೇಲೆ ವಾರಗಟ್ಟಲೆ ಚಾಟ್ ಎಳೆಯಬೇಡಿ. ಒಂದು ವಿಡಿಯೊ ಕಾಲ್, ನಂತರ ಮೆಟ್ರೊ ಸ್ಟೇಷನ್ ಹತ್ತಿರದ ಜನ ಓಡಾಡುವ ಕಾಫಿ ಶಾಪ್‌ನಲ್ಲಿ ಭೇಟಿ. ಎದುರಿನವರು ವಿಡಿಯೊ ಕಾಲ್‌ಗೆ ನೆಪ ಹೇಳುತ್ತಾ ಟ್ರೇಡಿಂಗ್, ಕ್ರಿಪ್ಟೊ ವಿಷಯ ತೆಗೆದರೆ ಆ ಕ್ಷಣವೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಈಗಾಗಲೇ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.