ಮನೆ ಹತ್ತಿರದ ಗ್ರೂಪ್ ಬೇಡ, ದಾರಿಯಲ್ಲಿರುವ ಗ್ರೂಪ್ ಹುಡುಕಿ

ನಾನು ಬಾಟಲಿ ಬಿಟ್ಟಾಗ ನನ್ನ ಭಾವಮೈದ ಪಂದ್ಯ ಕಟ್ಟಿದ್ದ. 'ಹೊಸತೊಡಕಿನವರೆಗೂ ನಿಲ್ಲಲ್ಲ ಇವನು' ಅಂತ. ಆಮೇಲೆ ಮೂರು ಹೊಸತೊಡಕು ಕಳೆದಿವೆ. ಪಂದ್ಯದ ದುಡ್ಡು ಮಾತ್ರ ಇನ್ನೂ ಬಂದಿಲ್ಲ.

ಅದಕ್ಕೂ ಮೊದಲು ಸುರಿದ ದುಡ್ಡಿನ ಲೆಕ್ಕ ಹೇಳುತ್ತೇನೆ. ಊರಾಚೆಯ ಒಂದು ಖಾಸಗಿ ಕೇಂದ್ರಕ್ಕೆ ಎರಡು ಸಲ ಸೇರಿದೆ, ಸಲಕ್ಕೆ 25 ಸಾವಿರದ ಆಸುಪಾಸು. ಎರಡೂ ಸಲ ಹೊರಗೆ ಬಂದ ವಾರದಲ್ಲೇ ಮತ್ತೆ ಶುರು. 'ಊಟದಲ್ಲಿ ಗೊತ್ತಾಗದಂತೆ ಬೆರೆಸಿ' ಅಂತ ಯಾರೋ ನನ್ನ ಹೆಂಡತಿಗೆ ಪುಡಿ ಮಾರಿದರು. ಅದಕ್ಕೆ ನಾಲ್ಕೈದು ಸಾವಿರ. ಹೀಗೆ ಕದ್ದು ಕೊಡುವುದು ಅಪಾಯ. ಒಳಗೆ ಡೈಸಲ್ಫಿರಾಮ್ (ಕುಡಿತ ಬಿಡಿಸಲು ಕೊಡುವ ಮಾತ್ರೆ) ಇದ್ದರೆ, ಕುಡಿದವನಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಡವ ಅಂತ ಹೊಡೆದುಕೊಂಡು ಜೀವಕ್ಕೇ ಕುತ್ತು ಬರಬಹುದು. ಆ ಮಾತ್ರೆ ಡಾಕ್ಟರ್ ಹೇಳಿ, ನಾವು ಒಪ್ಪಿ ತಗೊಳ್ಳುವಂಥದ್ದು.

ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೈ ತಡೆದುಕೊಳ್ಳಲ್ಲ. ನಡುಕ, ಬೆವರು ಇರಲಿ, ಫಿಟ್ಸ್ ಬರುವುದು, ಇಲ್ಲದ್ದೆಲ್ಲ ಕಾಣಿಸುವುದು ಎ.ಎ. ಗ್ರೂಪಿನಿಂದ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಸೇರಿ ನಡೆಸುವ ಕೂಟ) ಸರಿಹೋಗಲ್ಲ. ಮೊದಲ ಕೆಲವು ದಿನ ನಾನು ನಿಮ್ಹಾನ್ಸ್‌ನಲ್ಲಿ ದಾಖಲಾಗಿದ್ದೆ. ಬಿ1 ವಿಟಮಿನ್ ಇಂಜೆಕ್ಷನ್, ಮಾತ್ರೆ, ನಿದ್ದೆ. ಗ್ರೂಪಿನ ಕಥೆ ಶುರುವಾಗುವುದು ಅದಾದ ಮೇಲೆ.

ಎಲ್ಲರಂತೆ ನಾನೂ ಮನೆ ಹತ್ತಿರದ ಎ.ಎ. ಮೀಟಿಂಗ್‌ಗೇ ಮೊದಲು ಹೋದೆ. ಬೆಂಗಳೂರಿನ ನಮ್ಮ ಕುರುಬರಹಳ್ಳಿಯಲ್ಲಿ ನನ್ನನ್ನು ಗುರುತಿಸದವರೇ ಇಲ್ಲ. ಟೋಪಿ ಹಾಕಿಕೊಂಡು ಬಾಗಿಲ ಕಡೆಯೇ ನೋಡುತ್ತಾ ಕುಳಿತಿದ್ದೆ, ಒಬ್ಬೊಬ್ಬರು ಎದ್ದು ತಮ್ಮ ಕಥೆ ಹೇಳುವ ಶೇರಿಂಗ್ ಒಂದೂ ಕಿವಿಗೆ ಬೀಳಲಿಲ್ಲ. ಇನ್ನೊಂದು ಕಡೆ ಪೂರ್ತಿ ಇಂಗ್ಲಿಷು, ಅರ್ಧ ತಲೆಯ ಮೇಲೆ ಹೋಯಿತು. ಆನ್‌ಲೈನ್ ಮೀಟಿಂಗ್ ನೋಡಿದೆ. ಕ್ಯಾಮೆರಾ ಆಫ್ ಮಾಡಿ, ಪಕ್ಕದಲ್ಲಿ ಕ್ವಾರ್ಟರ್ ಇಟ್ಟುಕೊಂಡು ಕುಳಿತರೆ ಯಾರು ಕೇಳಬೇಕು, ಅಲ್ವಾ?

ಆಮೇಲೆ ಒಂದು ಹಳೇ ನೋಟ್‌ಬುಕ್ ತೆಗೆದೆ. ಯಾವ ಹೊತ್ತಿಗೆ, ಯಾವ ತಿರುವಿನಲ್ಲಿ ಕಾಲು ಬಾರ್ ಕಡೆ ಎಳೆಯುತ್ತದೆ ಅಂತ ಒಂದೆರಡು ವಾರ ಬರೆದೆ. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ನನಗೆ. ಎಳೆತವೆಲ್ಲ ಸಂಜೆ ಸುಮಾರು 6ರಿಂದ 7:30ರೊಳಗೆ, ಫ್ಯಾಕ್ಟರಿ ಗೇಟಿಗೂ ಮನೆಗೂ ಮಧ್ಯೆಯೇ. ಮನೆ ಹೊಕ್ಕರೆ ನಾನು ಕುಡಿಯುವವನಲ್ಲ. ಅಂದರೆ ನನಗೆ ಬೇಕಿದ್ದದ್ದು ಆ ಒಂದೂವರೆ ಗಂಟೆಯನ್ನು ನುಂಗುವ ಮೀಟಿಂಗ್.

ಎ.ಎ. ನಂಬರಿಗೆ ಫೋನ್ ಮಾಡಿದೆ. 'ಮನೆ ಎಲ್ಲಿ ನಿಮ್ಮದು?' ಅಂದರು. 'ಮನೆ ಬಿಡಿ ಸಾರ್, ಪೀಣ್ಯದಿಂದ ಗ್ರೀನ್ ಲೈನ್ ಮೆಟ್ರೋದಲ್ಲಿ ಬರುತ್ತೇನೆ. ದಾರಿಯಲ್ಲಿ ಆರೂಮುಕ್ಕಾಲಿಗೆ ಯಾವ ಗ್ರೂಪ್ ಇದೆ ಹೇಳಿ' ಅಂದೆ. ಅವರು ನಕ್ಕರು. ಹಳಬರೊಬ್ಬರು, 'ಗ್ರೂಪ್ ಯಾವುದಾದರೇನಯ್ಯಾ, ಮನಸ್ಸು ಗಟ್ಟಿ ಇರಬೇಕು' ಅಂದರು. ಮನಸ್ಸು ಗಟ್ಟಿ ಇದ್ದಿದ್ದರೆ ಇವರ ಹತ್ತಿರ ಯಾಕೆ ಬರುತ್ತಿದ್ದೆ? ಬೇರೆ ಬೇರೆ ಸಂಜೆಗಳಿಗೆ ಬೇರೆ ಬೇರೆ ಗ್ರೂಪ್ ಜೋಡಿಸಿದೆ. ನಡೆದು ಬರುವ ದಾರಿ ಬಿಟ್ಟು ಮೆಟ್ರೋ ಹತ್ತಿದೆ. ಒಳಗೆ ವೈನ್ ಸ್ಟೋರ್ ಇಲ್ಲವಲ್ಲ! ಯಾವ ಸ್ಟೇಷನ್, ಯಾವ ಹಾಲ್ ಅಂತ ಬರೆಯಲ್ಲ. ಅಲ್ಲಿಗೆ ಬರುವ ಬೇರೆಯವರ ಗುಟ್ಟೂ ಅದರಲ್ಲಿದೆ.

ಅಲ್ಲಿ ಫೀಸ್ ಇಲ್ಲ. ಹೊರಗಿನವರ ದೇಣಿಗೆಯನ್ನೂ ಮುಟ್ಟಲ್ಲ. ಕೊನೆಯಲ್ಲಿ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಬರುತ್ತದೆ. ಎಲ್ಲರೂ ಮುಷ್ಟಿ ಮುಚ್ಚಿಯೇ ಒಳಗೆ ಹಾಕಿ, ಬಿಚ್ಚಿ ತೆಗೆಯುತ್ತಾರೆ. ಯಾರು ಹತ್ತು ಹಾಕಿದರು, ಯಾರು ಏನೂ ಹಾಕಲಿಲ್ಲ, ಪಕ್ಕದವನಿಗೂ ಗೊತ್ತಾಗಲ್ಲ. ಕೈ ಖಾಲಿ ಇದ್ದ ದಿನಗಳಲ್ಲಿ ಇದು ನನಗೆ ತುಂಬ ದೊಡ್ಡದಾಗಿ ಕಂಡಿತು.

ಗಟ್ಟಿಯಾಗಿ ಹಿಡಿದು ನಿಲ್ಲಿಸಿದ್ದು ಮಾತ್ರ ಟೀ ಫ್ಲಾಸ್ಕ್. ಎರಡನೇ ತಿಂಗಳಲ್ಲೇ ಟೀ ತರುವ ಕೆಲಸ ಕೇಳಿ ತಗೊಂಡೆ. ನಾನು ಹೋಗದಿದ್ದರೆ ಇಪ್ಪತ್ತು ಜನಕ್ಕೆ ಟೀ ಇಲ್ಲ. ಬಾರ್ ಮುಂದೆ ಫ್ಲಾಸ್ಕ್ ಹಿಡಿದು ನಿಲ್ಲೋಕೂ ಆಗಲ್ಲ ಸ್ವಾಮಿ. ಈಗ ಮೀಟಿಂಗ್ ಹಾಲ್‌ನ ಬೀಗದ ಕೈಯೂ ನನ್ನ ಹತ್ತಿರವೇ ಇದೆ.

ಮಧ್ಯೆ ಹೊಟ್ಟೆಯ ಮೇಲೂ ಪ್ರಯೋಗ ಮಾಡಿದೆ. ಸಂಜೆ ಕಡಲೆಕಾಯಿ ತಿಂದರೆ ಬಾರ್ ನೆನಪಾಗುತ್ತಿತ್ತು, ಬಿಟ್ಟೆ. ಮಜ್ಜಿಗೆ ಸಾಲಲಿಲ್ಲ. ಐದೂವರೆಗೆ ಕ್ಯಾಂಟೀನಿನಲ್ಲಿ ಎರಡು ಚಪಾತಿ ತಿಂದು ಹೊರಟರೆ ಆಸೆ ಅರ್ಧಕ್ಕೆ ಇಳಿಯಿತು, ನನ್ನ ಲೆಕ್ಕದಲ್ಲಿ. ಸಂಬಳದ ದಿನಕ್ಕೆ ಬೇರೆಯೇ ಒಂದು ಉಪಾಯ ಇದೆ. ಅದು ನನಗೂ ನನ್ನ ಸ್ಪಾನ್ಸರಿಗೂ (ಗ್ರೂಪಿನಲ್ಲಿ ನನ್ನ ಕೈ ಹಿಡಿದು ನಡೆಸುವ ಹಳಬರು) ಮಾತ್ರ ಗೊತ್ತಿರಲಿ.

ತುಮಕೂರು ಕಡೆಯ ಗೆಳೆಯನೊಬ್ಬ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ. ಊರಿನಲ್ಲೇ ಅವರ ನವಜೀವನ ಸಮಿತಿ (ಶಿಬಿರದಲ್ಲಿ ಕುಡಿತ ಬಿಟ್ಟವರ ಗುಂಪು) ಇರುವುದರಿಂದ ಅವನಿಗೆ ಅದೇ ಸರಿಹೋಯಿತು. ನನ್ನ ಹೆಂಡತಿ ಅಲ್-ಅನಾನ್‌ಗೆ ಹೋಗುತ್ತಾಳೆ, ಅದು ಮನೆಯವರ ಗ್ರೂಪ್. ನನ್ನ ಜೇಬು ತಡಕುವುದನ್ನು ಅಲ್ಲಿಗೆ ಹೋದ ಮೇಲೆ ಬಿಟ್ಟಳು. ಯಾರನ್ನು ಕೇಳುವುದು ಅಂತಲೇ ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ನಂಬರು, ದುಡ್ಡಿಲ್ಲ.

ಸೆಕೆಂಡ್ ಶಿಫ್ಟ್ ಇದ್ದವರು ಏನು ಮಾಡಬೇಕು ಅಂತ ಕೆಲವರು ಕೇಳುತ್ತಾರೆ. ರಾತ್ರಿ ಹತ್ತಕ್ಕೆ ಬಿಟ್ಟರೆ ಮೀಟಿಂಗ್ ಎಲ್ಲಿರುತ್ತದೆ? ನಾನು ಸೂಪರ್‌ವೈಸರ್ ಬೆನ್ನು ಬಿದ್ದು ಜನರಲ್ ಶಿಫ್ಟ್ ಹಾಕಿಸಿಕೊಂಡೆ. ಭತ್ಯೆ ತಿಂಗಳಿಗೆ 1,500 ರೂಪಾಯಿ ಹೋಯಿತು. ಆಗ ನನಗೆ ಅದು ಒಂದು ವಾರದ ಎಣ್ಣೆ ಖರ್ಚು.