ಸಬ್ಮಿಟ್ ಒತ್ತುವ ಮೊದಲಿನ ಹತ್ತು ನಿಮಿಷ

ಕೊಡಗಿನ ಯಾವುದೇ ಪಂಚಾಯಿತಿಯ ಸೇವಾ ಕೇಂದ್ರದಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ‘ಸರ್ವರ್ ಇಲ್ವಂತೆ’. ಸರ್ವರ್ ಕೈಕೊಡುವುದು ಸುಳ್ಳಲ್ಲ. ಆದರೆ ತಿರಸ್ಕಾರವಾಗಿ ಬಂದ ಅರ್ಜಿಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಸರ್ವರಿನ ತಪ್ಪು ಕಡಿಮೆ, ಹೆಸರಿನದೇ ಜಾಸ್ತಿ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಹಣಿಯಲ್ಲಿ ಮಗದೊಂದು. ಹಾಗಾಗಿ ನಮ್ಮ ಕೇಂದ್ರದಲ್ಲಿ ಕಂಪ್ಯೂಟರ್ ಮುಟ್ಟುವ ಮೊದಲು ಹತ್ತು ನಿಮಿಷ ಕಾಗದದ ಕೆಲಸ.

ಒಂದು ಎ4 ಹಾಳೆಯಲ್ಲಿ ನಾಲ್ಕು ಅಂಕಣ ಗೀಟು ಹಾಕಿ ಇಟ್ಟುಕೊಂಡಿದ್ದೇವೆ: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮತ್ತು ಕೇಳಿದ ಸೇವೆಗೆ ಬೇಕಾದ ಮೂಲ ದಾಖಲೆ. ಅದು ಪಹಣಿ ಆಗಬಹುದು, ಶಾಲೆಯ ಟಿಸಿ ಆಗಬಹುದು. ನಾಲ್ಕರಲ್ಲೂ ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರ ಬಿಡದೆ, ಕನ್ನಡ ಇಂಗ್ಲಿಷ್ ಎರಡರಲ್ಲೂ ಬರೆಯುತ್ತೇವೆ. ಬಾಯಲ್ಲಿ ಕೇಳಿ ಬರೆಯುವುದಿಲ್ಲ.

ಬೇರೆ ಜಿಲ್ಲೆಯವರಿಗೆ ಇದು ಅತಿ ಅನ್ನಿಸಬಹುದು. ಕೊಡಗಿನಲ್ಲಿ ಅನಿವಾರ್ಯ. ಇಲ್ಲಿ ಮನೆ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಆಧಾರ್ ಮಾಡಿಸುವಾಗ ಕೆಲವರು ಮನೆ ಹೆಸರನ್ನು ಇನಿಷಿಯಲ್ ಮಾಡಿದ್ದಾರೆ, ಕೆಲವರು ಕೊನೆಗೆ ತಳ್ಳಿದ್ದಾರೆ, ಕೆಲವರು ಬಿಟ್ಟೇಬಿಟ್ಟಿದ್ದಾರೆ. ಅದರ ಮೇಲೆ ಬ್ರಿಟಿಷರ ಕಾಲದ ಸ್ಪೆಲ್ಲಿಂಗು. ಕಾರ್ಯಪ್ಪ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ‘ಸಿ’ಯಿಂದಲೂ ಶುರುವಾಗುತ್ತದೆ, ‘ಕೆ’ಯಿಂದಲೂ ಶುರುವಾಗುತ್ತದೆ. ತಿಮ್ಮಯ್ಯನಲ್ಲಿ ಎಷ್ಟು ‘ಎಂ’, ಕೊನೆಗೆ ‘ವೈ’ಯೋ ‘ಎಚ್’ಓ ಎಂಬುದು ಅಣ್ಣ ತಮ್ಮಂದಿರಲ್ಲೇ ಬೇರೆ. ಕಣ್ಣಿಗೆ ಒಂದೇ ಆಗಿ ಕಂಡರೂ ಸ್ಕಾಲರ್‌ಶಿಪ್ ಪೋರ್ಟಲ್ಲಿಗೆ ಇವರು ಬೇರೆ ಬೇರೆ ಮನುಷ್ಯರು. ಜಾತಿ–ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಹಾಕಿದ ಕೂಡಲೇ ಅದು ನಾಡಕಚೇರಿಯ ದಾಖಲೆಯಿಂದ ಹೆಸರು ಎಳೆದುಕೊಂಡು ಪಕ್ಕದಲ್ಲಿಟ್ಟು ನೋಡುತ್ತದೆ. ಹಾಗಾಗಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗಲೇ ಆಧಾರಿನಲ್ಲಿ ಇರುವಂತೆ ಹಾಕಬೇಕು. ಬಂದ ಮೇಲೆ ತಿದ್ದುವುದೆಂದರೆ ಇನ್ನೊಂದು ಅರ್ಜಿ.

ಹೆಸರು ತಾಳೆಯಾಗದಿದ್ದರೆ ಯಾವುದನ್ನು ತಿದ್ದಬೇಕು? ಆಧಾರ್ ತಿದ್ದಿಸುವುದು ಸುಲಭ ಎಂದು ಅದಕ್ಕೇ ಕೈಹಾಕುವವರು ಬಹಳ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಮಾಜಿ ಸೈನಿಕರಾದರೆ ಪಿಪಿಒ, ಅಂದರೆ ಪಿಂಚಣಿ ಆದೇಶದಲ್ಲಿರುವ ಹೆಸರನ್ನೇ ಬುನಾದಿ ಮಾಡಿಕೊಂಡು ಮಿಕ್ಕಿದ್ದನ್ನು ಅದಕ್ಕೆ ಹೊಂದಿಸುತ್ತೇವೆ. ವಿದ್ಯಾರ್ಥಿಯಾದರೆ ಅಂಕಪಟ್ಟಿ. ಉಳಿದವರಿಗೆ ಆಧಾರನ್ನು ಹಾಗೇ ಬಿಟ್ಟು ರೇಷನ್ ಕಾರ್ಡನ್ನೂ ಬ್ಯಾಂಕನ್ನೂ ಅದರ ಕಡೆಗೆ ತರುತ್ತೇವೆ.

ಜಾತಿಯ ಪಟ್ಟಿಯಲ್ಲಿ ಎಡವಿ ಬೀಳುವಂಥ ಒಂದು ಗುಂಡಿ ಇದೆ. ಪರದೆಯ ಮೇಲೆ ‘ಕುರುಬ’ ಎಂದು ಟೈಪಿಸಿದರೆ ಹಲವು ಸಾಲು ತೆರೆದುಕೊಳ್ಳುತ್ತವೆ. ಬರೀ ಕುರುಬ ಎಂದರೆ ರಾಜ್ಯದಲ್ಲಿ ಪ್ರವರ್ಗ 2ಎ. ಜೇನುಕುರುಬ, ಕಾಡುಕುರುಬ ಪರಿಶಿಷ್ಟ ಪಂಗಡ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲೇ ‘ಕುರುಬ, ಕೊಡಗು ಜಿಲ್ಲೆ’ ಎಂಬ ಪ್ರತ್ಯೇಕ ನಮೂದೂ ಇದೆ. ‘ಮರಾಠ, ಕೊಡಗು ಜಿಲ್ಲೆ’ ಕೂಡ. ಯಾರು ಯಾವುದಕ್ಕೆ ಸೇರುತ್ತಾರೆ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ, ಅದು ಗ್ರಾಮ ಆಡಳಿತಾಧಿಕಾರಿ, ಆರ್‌ಐ (ಕಂದಾಯ ನಿರೀಕ್ಷಕ), ತಹಶೀಲ್ದಾರರದ್ದು. ನಮ್ಮ ಕೆಲಸ ಇಷ್ಟೇ: ಅಪ್ಪನ ಹಳೆಯ ಪ್ರಮಾಣಪತ್ರ ಅಥವಾ ಶಾಲಾ ದಾಖಲಾತಿಯಲ್ಲಿ ಇರುವ ಸಾಲನ್ನೇ ಆರಿಸುವುದು, ಅವಸರಕ್ಕೆ ಮೇಲಿನದನ್ನು ಕ್ಲಿಕ್ ಮಾಡದಿರುವುದು. ತೋಟದ ಕೂಲಿಯವರ ಲೈನ್‌ಮನೆಯಲ್ಲಿರುವ ಯರವ ಬುಡಕಟ್ಟಿನ ಮಗುವಿಗೆ ಶಾಲೆಯಲ್ಲೇ ಜಾತಿ ತಪ್ಪಾಗಿ ಬರೆದಿದ್ದರೆ ಮೊದಲು ಶಾಲೆಗೆ ಕಳಿಸುತ್ತೇವೆ. ಹಾಗೇ ಮುಂದುವರಿಸಿದರೆ ಕಡತ ಆರ್‌ಐ ಮೇಜಿನಿಂದ ವಾಪಸ್ ಬರುತ್ತದೆ.

ಇನ್ನು ಆಧಾರ್ ದೃಢೀಕರಣಕ್ಕೆ ಒತ್ತಿಸುವ ಬೆರಳು. ರೋಬಸ್ಟಾ ಕಾಫಿ ಕೊಯ್ಲಿನಲ್ಲಿ ಹಣ್ಣನ್ನು ಗೆಲ್ಲಿನಿಂದ ಸವರಿ ಎಳೆಯುವಾಗ ಹೆಬ್ಬೆಟ್ಟು, ತೋರುಬೆರಳು ಸವೆಯುತ್ತವೆ. ಫೆಬ್ರವರಿಯಲ್ಲಿ ಈ ಎರಡು ಬೆರಳಿಟ್ಟು ಐದು ಸಲ ಒತ್ತಿಸುವುದು ವ್ಯರ್ಥ. ನೇರವಾಗಿ ಉಂಗುರ ಬೆರಳಿಗೆ ಹೋಗಿ, ಅದರಲ್ಲೂ ಎಡಗೈಯದ್ದು. ಕಾಫಿ ಕಲೆ ಇದ್ದರೆ ಬಿಸಿನೀರು ಸೋಪಿನಲ್ಲಿ ತೊಳೆಸಿ, ಪೂರ್ತಿ ಒರೆಸಿ, ಒಂದು ನಿಮಿಷ ಬಿಡಿ. ಚರ್ಮ ಒಡೆದಿದ್ದರೆ ಚೂರೇಚೂರು ಎಣ್ಣೆ ತಿಕ್ಕಿ ಬಟ್ಟೆಯಲ್ಲಿ ಒರೆಸಬೇಕು. ಮಳೆಗಾಲದಲ್ಲಿ ತೊಂದರೆ ತಿರುಗುಮುರುಗು: ಬೆರಳು ತಣ್ಣಗೆ, ಒದ್ದೆ, ಪರದೆಯ ಮೇಲೆ ರೇಖೆಗಳು ಕರಗಿ ಕಪ್ಪು ಮುದ್ದೆಯಾಗಿ ಕಾಣುತ್ತವೆ. ಜೋರಾಗಿ ಒತ್ತಿದರೆ ಇನ್ನೂ ಕೆಡುತ್ತದೆ. ‘ಅಜ್ಜಿ, ಒತ್ತಬೇಡಿ, ಸುಮ್ಮನೆ ಇಡಿ’ ಅಂದರೆ ಮೂರನೇ ಸಲಕ್ಕೆ ಹಿಡಿಯುತ್ತದೆ. ಬೆರಳಚ್ಚಿನ ಸಾಧನ ಹಳೆಯ ಎಲ್0 ಮಾದರಿಯದ್ದಾದರೆ ಬೆರಳು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ, ಈಗ ಭದ್ರತೆ ಹೆಚ್ಚಿರುವ ಎಲ್1 ಬೇಕು. ಆಗಲೂ ಆಗದವರಿಗೆ ಕಣ್ಣಿನ ಸ್ಕ್ಯಾನರ್ ಅಥವಾ ಒಟಿಪಿ.

ಒಟಿಪಿಯದೂ ಒಂದು ಗೋಳು. ತೋಟದ ಕೆಲಸದವರಲ್ಲಿ ಹಲವರ ಆಧಾರಿಗೆ ಜೋಡಣೆಯಾಗಿರುವುದು ತೋಟದ ಲೆಕ್ಕ ಬರೆಯುವ ರೈಟರದ್ದೋ ಮೇಸ್ತ್ರಿಯದ್ದೋ ಮೊಬೈಲ್. ‘ನಂಬರ್ ಯಾವುದು ಕೊಟ್ಟಿದ್ರಿ ಅಕ್ಕಾ’ ಎಂದು ಕೇಳುತ್ತ ಕೂರುವ ಬದಲು ಆಧಾರ್ ಜಾಲತಾಣದಲ್ಲಿ ಆಧಾರ್ ಪರಿಶೀಲನೆಗೆ ಹೋದರೆ ಜೋಡಣೆಯಾದ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಹಳೆಯ ಸಿಮ್ ಎಂದು ಅಲ್ಲೇ ಗೊತ್ತಾದರೆ ಅರ್ಜಿ ಅವತ್ತಿಗೆ ನಿಲ್ಲಿಸಿ, ಮೊದಲು ಆಧಾರ್ ಕೇಂದ್ರಕ್ಕೆ ಕಳಿಸುತ್ತೇವೆ.

ಗೃಹಲಕ್ಷ್ಮಿಯ 2000 ರೂಪಾಯಿ ಬಂದಿಲ್ಲ ಎಂದು ಬರುವವರಲ್ಲಿ ಬಹುಪಾಲು ಜನರಿಗೆ ದುಡ್ಡು ಬಂದಿರುತ್ತದೆ, ಬೇರೆ ಖಾತೆಗೆ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರಿಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಜೋಡಣೆ, ಆಗಿರುವ ಖಾತೆಗೆ. ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದಾಗ ಆ ಬ್ಯಾಂಕು ಆಧಾರ್ ಜೋಡಿಸಿದರೆ ಮ್ಯಾಪಿಂಗ್ ಅತ್ತ ಜಾರುತ್ತದೆ. ಇವರು ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇರುತ್ತಾರೆ. ಮೈ ಆಧಾರ್‌ನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆಗೆದರೆ ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ ಗೊತ್ತಾಗುತ್ತದೆ. ನೇರ ನಗದು ವರ್ಗಾವಣೆಯ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಯಾವ ತಿಂಗಳು ಎಲ್ಲಿಗೆ ಹೋಯಿತು ಎಂಬುದೂ ಸಿಗುತ್ತದೆ.

ಪಹಣಿಯ ವಿಚಾರ ಬೇರೆಯೇ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಹೋದವು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಅಂದು ಪುಸ್ತಕದಲ್ಲಿದ್ದ ತಪ್ಪು ಇಂದು ಪ್ರಿಂಟಿನಲ್ಲಿದೆ. ಕೊಡಗಿನ ವಂಶಪಾರಂಪರ್ಯ ಜಮ್ಮಾ ಹಿಡುವಳಿಯಲ್ಲಿ ಎಷ್ಟೋ ಕಡೆ, ಖಾತೆದಾರರ ಹೆಸರಿರುವ 9ನೇ ಕಾಲಂನಲ್ಲಿ ಈಗಲೂ ತೀರಿಹೋದ ಪಟ್ಟೇದಾರರ (ಮನೆತನದ ಹಿರಿಯರ) ಹೆಸರು. ತೋಟ ಮಾಡುತ್ತಿರುವವರು ಮೊಮ್ಮಕ್ಕಳು. ಇಂಥ ಸರ್ವೆ ನಂಬರ್ ಹಿಡಿದು ರೈತರ ನೋಂದಣಿಯ ಫ್ರೂಟ್ಸ್‌ ತಂತ್ರಾಂಶದಲ್ಲಿ ಎಫ್‌ಐಡಿ (ರೈತ ಗುರುತಿನ ಸಂಖ್ಯೆ) ಮಾಡಿಸಲು ಬಂದರೆ ನೋಂದಣಿ ಶುರುಮಾಡುವುದೇ ಇಲ್ಲ. ವಂಶವೃಕ್ಷ, ಮರಣ ಪ್ರಮಾಣಪತ್ರ ಹೊಂದಿಸಿ, ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಕಳಿಸುತ್ತೇವೆ. ಮಳೆಗೆ ಬೆಳೆ ಹಾನಿಯಾದ ಮೇಲೆ ಪರಿಹಾರದ ಪಟ್ಟಿ ನೋಡುವುದು ಎಫ್‌ಐಡಿಯನ್ನು. ಆಗ ಓಡಾಡಿದರೆ ಹೊತ್ತು ಮೀರಿರುತ್ತದೆ. ಇದನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ ಎಂದು ಗೋಡೆಗೆ ಬರೆದು ಹಚ್ಚಿದ್ದೇವೆ.

ನವೆಂಬರಿನಲ್ಲಿ ಪಿಂಚಣಿದಾರರ ಸಾಲು, ಕೊಡಗಿನಲ್ಲಿ ಅವರಲ್ಲಿ ಹಲವರು ಮಾಜಿ ಸೈನಿಕರು. ಪಿಂಚಣಿದಾರರು ಬದುಕಿದ್ದಾರೆ ಎಂಬ ಡಿಜಿಟಲ್ ಪತ್ರವನ್ನು ಜೀವನ್ ಪ್ರಮಾಣ್‌ನಲ್ಲಿ ಮುಖ ತೋರಿಸಿ ಮಾಡಲು ಮುಂಭಾಗದ ಕ್ಯಾಮೆರಾ 5 ಮೆಗಾಪಿಕ್ಸೆಲ್ ಇರುವ ಆಂಡ್ರಾಯ್ಡ್ ಫೋನು, ಆಧಾರ್ ಫೇಸ್ ಆರ್‌ಡಿ ಆ್ಯಪ್ ಸಾಕು. ಕನ್ನಡಕ ತೆಗೆಸಿ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿ, ಕಣ್ಣು ಮಿಟುಕಿಸಲು ಹೇಳಿ. ಎಡವುವುದು ಇಲ್ಲಲ್ಲ, ಪಿಂಚಣಿ ವಿತರಿಸುವವರು ಯಾರು ಎಂಬ ಸಾಲಿನಲ್ಲಿ. ರಕ್ಷಣಾ ಪಿಂಚಣಿಯ ಹೊಸ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ಗೆ ಬದಲಾದವರಿಗೂ ಅಭ್ಯಾಸಬಲದಿಂದ ಹಳೆಯ ಬ್ಯಾಂಕನ್ನೇ ಆರಿಸಿದರೆ ಪ್ರಮಾಣ್ ಐಡಿ ಬರುತ್ತದೆ, ಎಸ್‌ಎಂಎಸ್ಸೂ ಬರುತ್ತದೆ, ಪತ್ರ ಮಾತ್ರ ಬ್ಯಾಂಕಿಗೆ ಹೋಗಿ ಕೂರುತ್ತದೆ. ಆಮೇಲೆ ಪಿಂಚಣಿ ನಿಲ್ಲುತ್ತದೆ. ಸ್ಪರ್ಶ್‌ನ 12 ಅಂಕಿಯ ಹೊಸ ಪಿಪಿಒ ಸಂಖ್ಯೆ ಹಾಕಿ, ವಿತರಣೆಯಲ್ಲಿ ಸ್ಪರ್ಶ್ ಪಿಸಿಡಿಎ ಪೆನ್ಶನ್ಸ್ ಎಂದೇ ಆರಿಸಬೇಕು.

ಕರೆಂಟಿನ ಲೆಕ್ಕ ಹೇಳದಿದ್ದರೆ ಇದೆಲ್ಲ ಜೂನ್ ತನಕ ಮಾತ್ರ ನಡೆಯುವ ಮಾತು. ಮರ ಲೈನಿನ ಮೇಲೆ ಬಿದ್ದರೆ ವಿದ್ಯುತ್ ಕಂಪನಿ ಚೆಸ್ಕ್‌ನವರು ಬರುವಷ್ಟರಲ್ಲಿ ಎರಡು ದಿನವೂ ಆಗುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್‌ಅವರ್; ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇನ್ವರ್ಟರ್ ನಷ್ಟ ಕಳೆದರೆ ಕೈಗೆ ಸಿಗುವುದು 700ರ ಸುಮಾರು. ಲ್ಯಾಪ್‌ಟಾಪ್, ರೂಟರ್, ಸ್ಕ್ಯಾನರ್, ಒಂದು ಬಲ್ಬು ಸೇರಿ 80 ರಿಂದ 90 ವ್ಯಾಟ್. ಹಾಗಾಗಿ ಒಂದು ಪಾಳಿ, ಎಂಟು ಗಂಟೆ. ಲೇಸರ್ ಪ್ರಿಂಟರನ್ನು ಇನ್ವರ್ಟರಿಗೆ ಹಾಕಬೇಡಿ, ಬಿಸಿಯಾಗುವಾಗ ನೂರಾರು ವ್ಯಾಟ್ ಎಳೆದು ಟ್ರಿಪ್ ಮಾಡುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್ ಹತ್ತಿಪ್ಪತ್ತು ವ್ಯಾಟಿನಲ್ಲಿ ಓಡುತ್ತದೆ, ಆದರೆ ಅದರ ಪ್ರಿಂಟು ಕೊಡೆಯಡಿ ಮನೆ ಸೇರುವಷ್ಟರಲ್ಲಿ ಹರಡಿರುತ್ತದೆ. ಕರೆಂಟಿಲ್ಲದಾಗ ಸ್ವೀಕೃತಿ ಚೀಟಿ ಮಾತ್ರ ಅದರಲ್ಲಿ. ಪ್ರಮಾಣಪತ್ರಗಳನ್ನು ಒಟ್ಟುಮಾಡಿ ಕರೆಂಟ್ ಬಂದಾಗ ಲೇಸರಿನಲ್ಲಿ. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಶುರುವಾಯಿತೋ, ರೂಟರಿನ ಅಡಾಪ್ಟರ್ ಸಾಕೆಟ್ಟಿನಿಂದ ಕಿತ್ತಿಡಿ. ಫೈಬರಿನಲ್ಲಿ ಸಿಡಿಲು ಹರಿಯುವುದಿಲ್ಲ, ಅಡಾಪ್ಟರಿನ ತಂತಿಯಲ್ಲಿ ಹರಿಯುತ್ತದೆ.

ಕೊಟ್ಟ ಪ್ರತಿ ಅರ್ಜಿಗೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಸೇವೆ, ಆರ್‌ಡಿ ಸಂಖ್ಯೆ ಅಥವಾ ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಯೋಜನೆಯ 15 ಅಂಕಿಯ ಜಿಎಸ್‌ಸಿ ಸಂಖ್ಯೆ, ಮೊಬೈಲಿನ ಕೊನೆಯ ನಾಲ್ಕು ಅಂಕಿ. ಆಧಾರ್ ಸಂಖ್ಯೆ ಬರೆಯುವುದಿಲ್ಲ, ಸ್ಕ್ಯಾನ್ ಮಾಡಿದ ಕಡತಗಳನ್ನು ಸಂಜೆಯೇ ಅಳಿಸುತ್ತೇವೆ. ವಾರಕ್ಕೊಮ್ಮೆ, ಬೆಳಿಗ್ಗೆ ಒಂಬತ್ತಕ್ಕೆ ಜಾಲ ಹಗುರ ಇರುವಾಗ, ಎಲ್ಲ ಸಂಖ್ಯೆಗಳನ್ನೂ ಹಾಕಿ ಸ್ಥಿತಿ ನೋಡುತ್ತೇವೆ. ಗಡುವು ದಾಟಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಕೇಳುವ ಹಕ್ಕಿದೆ ಎಂದು ತಿಳಿಸುತ್ತೇವೆ. ದುಡ್ಡಿಗಾಗಿ ಮೇಲ್ಮನವಿ ಹಾಕುವವರು ಅಪರೂಪ. ‘ಜಿಎಸ್‌ಸಿ ನಂಬರ್ ಇದೆ ಸಾರ್’ ಎಂದು ನಾಡಕಚೇರಿಯಲ್ಲಿ ಹೇಳಿದರೆ ಕಡತ ಸರಿಯುವುದುಂಟು.

ಕಾಗದದ ರೀಮನ್ನು ಮಾತ್ರ ಹಳೆಯ ಬಿಸ್ಕತ್ತಿನ ಟಿನ್ನಿನಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಒಮ್ಮೆಗೆ ಇಪ್ಪತ್ತು ಹಾಳೆಗಿಂತ ಹೆಚ್ಚು ಟ್ರೇಗೆ ಹಾಕಬೇಡಿ. ಜುಲೈಯಲ್ಲಿ ಹೊರಗಿಟ್ಟ ಹಾಳೆ ಒಂದೇ ರಾತ್ರಿಯಲ್ಲಿ ಹಪ್ಪಳದ ಹಾಗೆ ಸುರುಳಿಯಾಗಿ ರೋಲರಿನಲ್ಲಿ ಸಿಕ್ಕಿಕೊಳ್ಳುತ್ತದೆ.