ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಯಾವ ಬಣ್ಣ, ಮೈಗೆ ಯಾವ ಬಣ್ಣ

ಜ್ಯೇಷ್ಠ ಮಾಸದ ಹುಣ್ಣಿಮೆ ಹತ್ತಿರ ಬಂತೆಂದರೆ ಮಹಾರಾಷ್ಟ್ರದ ಅಕ್ಕಲಕೋಟೆ, ಮಂಗಳವೇಢೆ, ಜತ್ತ ತಾಲೂಕುಗಳ ಕನ್ನಡ ಊರುಗಳ ಸಂತೆಯಲ್ಲಿ ಗೊಂಡೆ, ಗೆಜ್ಜೆಸರ, ಹಣೆಪಟ್ಟಿ, ಬೇಗಡೆಗಳ ಪಕ್ಕದಲ್ಲಿಯೇ ಬಣ್ಣದ ಡಬ್ಬಿಗಳೂ ಸಾಲಾಗಿ ಕೂಡುತ್ತವೆ. ನಾವು ಕಾರಹುಣ್ಣಿಮೆ ಎಂದು ಆಚರಿಸುವ ಈ ಹಬ್ಬಕ್ಕೆ ನಮ್ಮ ಮರಾಠಿ ನೆರೆಯವರು ಕರ್ನಾಟಕಿ ಬೇಂದೂರ ಎನ್ನುತ್ತಾರೆ. ಅವರದೇ ಬೇಂದೂರ ಆಷಾಢದಲ್ಲಿ ಬರುತ್ತದೆ, ವಿದರ್ಭದವರ ಪೋಳಾ ಶ್ರಾವಣದ ಅಮಾವಾಸ್ಯೆಗೆ. ಹೆಸರು ಯಾವುದಾದರೂ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಮೆರವಣಿಗೆ ಮಾಡುವುದು ಎಲ್ಲ ಕಡೆಗೂ ಇದೆ. ಹಾಗೆ ಹಚ್ಚುವ ಬಣ್ಣ ಪ್ರಾಣಿಗೆ ಸುರಕ್ಷಿತವೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬಣ್ಣದ ಡಬ್ಬಿಯಿಂದ ಆರಂಭವಾಗುವುದಿಲ್ಲ, ಪ್ರಾಣಿಯ ನಾಲಿಗೆಯಿಂದ ಆರಂಭವಾಗುತ್ತದೆ. ಮೈಗೆ ಹಚ್ಚಿದ್ದನ್ನು ನಾವು ನೀರಿನಿಂದ ತೊಳೆದುಕೊಳ್ಳುತ್ತೇವೆ. ದನ, ನಾಯಿ, ಬೆಕ್ಕುಗಳು ನಾಲಿಗೆಯಿಂದ ತೊಳೆದುಕೊಳ್ಳುತ್ತವೆ. ಆದುದರಿಂದ ಹೊಟ್ಟೆಗೆ ಹೋದರೂ ಕೇಡು ಮಾಡದ ವಸ್ತುವನ್ನು ಮಾತ್ರ ಮೈಗೆ ಹಚ್ಚಬೇಕು.

ಈ ಮಾತನ್ನು ನಾನು ಕಲಿತದ್ದು ಒಂದು ಕರು ಕಳೆದುಕೊಂಡ ಮೇಲೆ. ಆ ವರ್ಷ ಬಾಗಿಲಿಗೆ ಬಳಿದು ಉಳಿದಿದ್ದ ಹಳೆಯ ಆಯಿಲ್ ಪೇಂಟನ್ನೇ ಎತ್ತುಗಳ ಕೋಡಿಗೂ ಹಚ್ಚಿ, ಡಬ್ಬಿಯನ್ನು ಕೊಟ್ಟಿಗೆಯ ಮೂಲೆಯಲ್ಲಿಯೇ ಬಿಟ್ಟಿದ್ದೆವು. ಎತ್ತುಗಳಿಗೆ ಏನೂ ಆಗಲಿಲ್ಲ. ಆದರೆ ನಾಲ್ಕು ತಿಂಗಳ ಕರು ಆ ಡಬ್ಬಿಯನ್ನು ನೆಕ್ಕಿ ಸ್ವಚ್ಛ ಮಾಡಿತ್ತು. ಎರಡು ದಿನಗಳ ನಂತರ ಅದು ಹಲ್ಲು ಕಡಿಯತೊಡಗಿತು, ಕಣ್ಣು ಕಾಣದಂತಾಗಿ ಗೋಡೆಗೆ ಹಣೆ ಒತ್ತಿ ನಿಂತಿತು, ಮೈ ಅದುರಿ ಬಿದ್ದಿತು. ಪಶುವೈದ್ಯರು ಬಂದು ಮೊದಲು ಕೇಳಿದ್ದು, ಪೇಂಟಿನ ಡಬ್ಬಿ ಇಲ್ಲವೇ ಹಳೆಯ ಬ್ಯಾಟರಿ ಏನಾದರೂ ಇದಕ್ಕೆ ಸಿಕ್ಕಿತ್ತೇ ಎಂದು. ದನಗಳಿಗೆ ಸೀಸದ ವಿಷ ತಗಲುವುದು ಹೆಚ್ಚಾಗಿ ಈ ಎರಡು ದಾರಿಗಳಿಂದಲೇ, ಅದರಲ್ಲಿಯೂ ಕರುಗಳಿಗೆ ಬೇಗ ತಗಲುತ್ತದೆ.

ಹಾಗಾದರೆ ಹೊಸ ಡಬ್ಬಿ ತಂದರಾಯಿತಲ್ಲ ಎಂದು ಕೇಳುವವರಿದ್ದಾರೆ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚು ಇರಬಾರದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು, ಅದು 2017ರ ನವೆಂಬರದಿಂದ ಜಾರಿಗೆ ಬಂತು. ಅಂದರೆ ಅದಕ್ಕಿಂತ ಹಿಂದಿನ ಡಬ್ಬಿ ಮನೆಯ ಅಟ್ಟದಲ್ಲಿದ್ದರೆ ಅದನ್ನು ದನದ ಹತ್ತಿರ ತರಲೇಬೇಡಿ. ಹೊಸ ಡಬ್ಬಿಯ ಮೇಲೆ ಸೀಸವಿಲ್ಲ ಎಂದು ಬರೆದಿರುವುದನ್ನು ನೋಡಿಕೊಳ್ಳುವುದು ಒಳ್ಳೆಯದು, ಆದರೆ ಅಷ್ಟಕ್ಕೇ ಅದು ಮೈಗೆ ಹಚ್ಚುವ ವಸ್ತು ಆಗುವುದಿಲ್ಲ, ಏಕೆಂದರೆ ಆಯಿಲ್ ಪೇಂಟನ್ನು ತೆಳುವು ಮಾಡುವ ಟರ್ಪೆಂಟೈನಿನಂಥ ದ್ರವಗಳು ಚರ್ಮವನ್ನು ಸುಡುತ್ತವೆ, ಅವುಗಳ ವಾಸನೆ ಶ್ವಾಸಕ್ಕೆ ಕೆಟ್ಟದ್ದು. ಇನ್ನೊಂದು ತೊಂದರೆ ಸೆಕೆಯದು. ಕಾರಹುಣ್ಣಿಮೆ ಬರುವುದು ಮೃಗಶಿರಾ ಮಳೆಯ ಹೊತ್ತಿಗೆ. ಮಳೆ ಹಿಂದೆ ಬಿದ್ದ ವರ್ಷ ನಮ್ಮ ಭಾಗದಲ್ಲಿ ಆಗಿನ ಬಿಸಿಲು ಬೇಸಿಗೆಗಿಂತ ಕಡಿಮೆ ಇರುವುದಿಲ್ಲ. ನಮ್ಮ ಖಿಲಾರಿ ತಳಿಯ ಎತ್ತು ಇಂಥ ಬಿಸಿಲನ್ನು ತಾಳುವುದು ಚರ್ಮದಿಂದ ಬೆವರಿ ಮೈ ತಂಪು ಮಾಡಿಕೊಳ್ಳುವುದರಿಂದ. ಬೆನ್ನು, ಪಕ್ಕೆಗಳ ತುಂಬ ಪೇಂಟು ಬಳಿದು ಅದರ ಮೇಲೆ ಜೂಲು ಹೊದಿಸಿ ಡೊಳ್ಳಿನ ಮುಂದೆ ನಿಲ್ಲಿಸಿದರೆ ಆ ದಾರಿಯನ್ನೇ ಮುಚ್ಚಿದಂತೆ ಆಗುತ್ತದೆ.

ಈಗ ಕೋಡಿನ ವಿಷಯಕ್ಕೆ ಬರೋಣ. ಕೋಡು ಉಗುರಿನಂಥದ್ದು, ಅದಕ್ಕೆ ಏನು ಹಚ್ಚಿದರೂ ನೋವಿಲ್ಲ ಎಂಬ ತಿಳುವಳಿಕೆ ಅರ್ಧ ಮಾತ್ರ ನಿಜ. ಹೊರಗಿನ ಪದರು ಉಗುರಿನ ಜಾತಿಯದೇ, ಆದರೆ ಅದರ ಒಳಗೆ ರಕ್ತ ಹರಿಯುವ ಎಲುಬಿದೆ. ದೊಡ್ಡ ಎತ್ತಿನಲ್ಲಿ ಆ ಎಲುಬು ಟೊಳ್ಳಾಗಿದ್ದು ಹಣೆಯ ಎಲುಬಿನ ಪೊಳ್ಳಿನೊಂದಿಗೆ ಕೂಡಿಕೊಂಡಿರುತ್ತದೆ. ಬಿಸಿಲಿನಲ್ಲಿ ನಿಂತ ಎತ್ತಿನ ಕೋಡಿನ ಬುಡವನ್ನು ಮುಟ್ಟಿ ನೋಡಿದರೆ ಬಿಸಿ ಕೈಗೆ ಹತ್ತುತ್ತದೆ. ಕೋಡು ಬೆಳೆಯುವುದು ತುದಿಯಿಂದಲ್ಲ, ಚರ್ಮ ಕೂಡುವ ಬುಡದಿಂದ. ಆ ಜಾಗವೇ ಸೂಕ್ಷ್ಮ. ಆದುದರಿಂದ ಯಾವ ಬಣ್ಣವನ್ನೇ ಹಚ್ಚಿ, ಬುಡದಲ್ಲಿ ನಾಲ್ಕು ಬೆರಳು ಜಾಗವನ್ನು ಖಾಲಿ ಬಿಡಬೇಕು. ಹಳೆಯ ಬಣ್ಣ ತೆಗೆದು ಹೊಳಪು ತರಲೆಂದು ಗಾಜಿನ ಚೂರಿನಿಂದಲೋ ಕುಡಗೋಲಿನಿಂದಲೋ ಕೋಡು ಹೆರೆಯುವ ರೂಢಿಯನ್ನು ಬಿಡುವುದು ಮೇಲು. ನಮ್ಮ ದೇಶದ ಎತ್ತುಗಳಲ್ಲಿ ಕೋಡಿನ ಕ್ಯಾನ್ಸರ್ ಕಾಣುತ್ತದೆ, ಮತ್ತು ಪಶುವೈದ್ಯರು ಅದಕ್ಕೆ ಸಂಶಯಿಸುವ ಕಾರಣಗಳಲ್ಲಿ ಕೋಡಿಗೆ ಮತ್ತೆ ಮತ್ತೆ ಆಗುವ ತಿಕ್ಕಾಟವೂ ಬಣ್ಣವೂ ಇವೆ. ಒರಟು ಗೋಣಿತಟ್ಟಿಗೆ ಸ್ವಲ್ಪ ಎಣ್ಣೆ ಹಚ್ಚಿ ಉಜ್ಜಿದರೆ ಬೇಕಾದಷ್ಟು ಹೊಳಪು ಬರುತ್ತದೆ.

ಕೋಡಿಗೆ ನಾನು ಹಚ್ಚುವುದು ಹುರಮಂಜು. ಇದು ಕಬ್ಬಿಣದ ಅಂಶವಿರುವ ಕೆಂಪು ಮಣ್ಣು. ಮರಾಠಿಯವರ ಅಂಗಡಿಯಲ್ಲಿ ಹುರಮುಂಜ ಎಂದರೆ ತಿಳಿಯುತ್ತಾರೆ. ಮುಕ್ಕಾಲು ಬಟ್ಟಲು ಪುಡಿಗೆ ಕುಸುಬಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಮೊಸರಿನ ಹದಕ್ಕೆ ಕಲಸಬೇಕು. ಎಣ್ಣೆ ಹೆಚ್ಚಾದರೆ ಬಣ್ಣ ಇಳಿದು ಕಣ್ಣಿನ ಕಡೆಗೆ ಹರಿಯುತ್ತದೆ. ಹಬ್ಬದ ಮುಂಜಾನೆ ಮೈ ತೊಳೆದು ಕೋಡು ಪೂರ್ತಿ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ತುದಿಯ ಕಡೆಯಿಂದ ಬುಡದ ಕಡೆಗೆ ಹಚ್ಚುತ್ತ ಬಂದು ನಾಲ್ಕು ಬೆರಳು ಇರುವಾಗ ನಿಲ್ಲಿಸಬೇಕು. ಕುಂಚಕ್ಕಿಂತ ಬಟ್ಟೆ ಒಳ್ಳೆಯದು, ಏಕೆಂದರೆ ಎತ್ತು ತಲೆ ಕೊಡವಿದರೆ ಕುಂಚದ ಹನಿ ಕಣ್ಣಿಗೆ ಹಾರುತ್ತದೆ. ಒಬ್ಬರು ಮೂಗುದಾಣ ಹಿಡಿದು ತಲೆ ತುಸು ಕೆಳಗೆ ಮಾಡಿಸಿ ನಿಂತಿರಲಿ, ಇನ್ನೊಬ್ಬರು ಹಚ್ಚಲಿ. ಈ ಬಣ್ಣ ಆಯಿಲ್ ಪೇಂಟಿನಂತೆ ವರ್ಷವಿಡೀ ಇರುವುದಿಲ್ಲ. ಗೋದಲಿಗೆ ತಿಕ್ಕಿ ತಿಕ್ಕಿ ವಾರ ಹತ್ತು ದಿನಗಳಲ್ಲಿ ಹೋಗುತ್ತದೆ. ನಮ್ಮೂರಿನ ಹುಡುಗರಿಗೆ ಇದೇ ದೊಡ್ಡ ದೂರು, ನನಗೆ ಇದೇ ಅದರ ದೊಡ್ಡ ಗುಣ. ಜೋಡಿಯ ಎತ್ತು ನೆಕ್ಕಿದರೂ ಅದರ ಹೊಟ್ಟೆಗೆ ಹೋಗುವುದು ಸ್ವಲ್ಪ ಮಣ್ಣು ಮತ್ತು ಎಣ್ಣೆ, ಅಷ್ಟೇ.

ಪುಡಿ ಅಸಲಿಯೋ ಬಣ್ಣ ಬೆರೆಸಿದ್ದೋ ಎಂದು ಮನೆಯಲ್ಲಿಯೇ ನೋಡಬಹುದು. ಒಂದು ಚಮಚ ಹುರಮಂಜನ್ನು ಗಾಜಿನ ಲೋಟದ ನೀರಿಗೆ ಹಾಕಿ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಮಣ್ಣು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಬೇಕು. ಮುಂಜಾನೆಗೂ ನೀರು ಗುಲಾಬಿಯೋ ಕೆಂಪೋ ಆಗಿ ಹೊಳೆಯುತ್ತಿದ್ದರೆ ಅದರಲ್ಲಿ ಬಟ್ಟೆಯ ಬಣ್ಣ ಬೆರೆತಿದೆ. ಅರಿಷಿಣಕ್ಕೂ ಇದೇ ಪರೀಕ್ಷೆ ಆಗುತ್ತದೆ: ಶುದ್ಧ ಅರಿಷಿಣ ಕೆಳಗೆ ಕೂತು ನೀರನ್ನು ತಿಳಿಹಳದಿ ಮಾಡುತ್ತದೆ, ಬೆರಕೆಯದು ನೀರನ್ನು ಕಡುಹಳದಿಯಾಗಿಯೇ ಇಡುತ್ತದೆ. ಅರಿಷಿಣಕ್ಕೆ ಹೊಳಪು ಬರಲೆಂದು ಬೆರೆಸುವ ವಸ್ತುಗಳಲ್ಲಿ ಮೆಟಾನಿಲ್ ಯೆಲ್ಲೋ ಎಂಬ ಬಣ್ಣವೂ ಲೆಡ್ ಕ್ರೋಮೇಟ್ ಎಂಬ ಸೀಸದ ಪುಡಿಯೂ ಇವೆ. ಲೆಡ್ ಕ್ರೋಮೇಟ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಹೋಗಬಹುದು. ಹೊಳಪಿಗೆಂದು ಕೊಂಬು ಅರಿಷಿಣಕ್ಕೂ ಅದನ್ನು ಬಳಿಯುವುದುಂಟು, ಅದಕ್ಕಾಗಿ ಪಾಲಿಶ್ ಮಾಡದ ಕೊಂಬು ತಂದು ಗಿರಣಿಯಲ್ಲಿ ಬೀಸಿಸುವುದು ಮೇಲು. ಜಾತ್ರೆಯಲ್ಲಿ ಹಾರಿಸಲು ಚೀಲಗಟ್ಟಲೆ ಮಾರುವ ಅಗ್ಗದ ಭಂಡಾರವನ್ನು, ಅಂದರೆ ಹಳದಿ ಪುಡಿಯನ್ನು, ಎತ್ತಿನ ಮೈಗೆ ಉಜ್ಜಬಾರದು.

ಎರಡು ಹೆಸರುಗಳ ಬಗ್ಗೆ ಎಚ್ಚರವಿರಲಿ. ಬೇಂದೂರದ ಸಂತೆಯಲ್ಲಿ ಕೋಡಿಗೆಂದೇ ಹಿಂಗೂಳ ಕೊಡುತ್ತಾರೆ. ಮೂಲದ ಹಿಂಗೂಳ ಪಾದರಸ ಮತ್ತು ಗಂಧಕ ಸೇರಿದ ಖನಿಜ. ಆ ಹೆಸರಿನಲ್ಲಿ ಬಿಡಿಯಾಗಿ ತೂಗಿಕೊಡುವ ಪುಡಿ ಖನಿಜವೇ ಇರಲಿ, ಬರೀ ಕೆಂಪು ಬಣ್ಣವೇ ಇರಲಿ, ಒಳಗೆ ಏನಿದೆ ಎಂದು ಬರೆದ ಚೀಟಿ ಇಲ್ಲದಿದ್ದರೆ ಕೊಳ್ಳಬೇಡಿ. ಸಿಂಧೂರವೂ ಹೀಗೆಯೇ, ಕಿತ್ತಳೆಗೆಂಪಿನ ಭಾರವಾದ ಸಿಂಧೂರ ಸೀಸದ ಆಕ್ಸೈಡು. ದೇವರ ಮೂರ್ತಿಗೆ ಹಚ್ಚಿದ ಸಿಂಧೂರವನ್ನು ಯಾರೂ ನೆಕ್ಕುವುದಿಲ್ಲ, ಎತ್ತಿನ ಹಣೆಯದನ್ನು ಪಕ್ಕದ ಎತ್ತು ನೆಕ್ಕುತ್ತದೆ.

ಮೈಗೆ ಬಣ್ಣ ಬೇಕೇ ಬೇಕೆಂದರೆ ಮೈ ತುಂಬ ಬಳಿಯದೆ ಅಲ್ಲಲ್ಲಿ ಮುದ್ರೆ ಒತ್ತುವುದು ಚೆಂದವೂ ಹೌದು, ಕ್ಷೇಮವೂ ಹೌದು. ಅಕ್ಕಿಯ ತೆಳು ಗಂಜಿಯಲ್ಲಿ ಅರಿಷಿಣ ಕಲಸಿ ಬಳೆಯಿಂದಲೋ ಅಂಗೈಯಿಂದಲೋ ಬೆನ್ನಿನ ಮೇಲೆ, ತೊಡೆಯ ಮೇಲೆ ಒತ್ತಬಹುದು. ಬಿಳಿಯ ಖಿಲಾರಿಯ ಮೇಲೆ ಆ ಹಳದಿ ನಾಲ್ಕೈದು ದಿನ ನಿಲ್ಲುತ್ತದೆ. ಗುಲಾಬಿಗೆ ಬೀಟ್‌ರೂಟ್ ಅರೆದು ಹಿಂಡಿದ ರಸ ಆಗುತ್ತದೆ. ಕಂದು ಎತ್ತಿಗೆ ಬಿಳಿ ಬೇಕಾದರೆ ಸುಣ್ಣವನ್ನಲ್ಲ, ಅಕ್ಕಿಹಿಟ್ಟನ್ನು ಕಲಸಿ. ಒದ್ದೆ ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕಣ್ಣು, ಮೂಗು, ಕಿವಿಯ ಒಳಭಾಗ, ಕೆಚ್ಚಲು, ನೊಗ ಕೂಡುವ ಹೆಗಲು ಮತ್ತು ಗಾಯವಿರುವ ಜಾಗಗಳಿಗೆ ಏನನ್ನೂ ಹಚ್ಚಬಾರದು. ಹೊಸ ವಸ್ತುವನ್ನು ಮೊದಲ ಸಲ ಹಚ್ಚುವವರು ಎರಡು ದಿನ ಮೊದಲೇ ತೊಡೆಯ ಒಳಗೆ ರೂಪಾಯಿಯಷ್ಟು ಜಾಗದಲ್ಲಿ ಹಚ್ಚಿ ನೋಡಲಿ. ಅಲ್ಲಿ ಚರ್ಮ ಕೆಂಪಾದರೆ, ಬಾತರೆ, ಎತ್ತು ಆ ಜಾಗವನ್ನೇ ತಿಕ್ಕುತ್ತಿದ್ದರೆ ಆ ಬಣ್ಣ ಬೇಡ. ಗಬ್ಬದ ಆಕಳು ಮತ್ತು ಹಾಲು ಹಿಂಡುವ ಎಮ್ಮೆಗಳಿಗೆ ಕೋಡಿನ ಹುರಮಂಜೇ ಸಾಕು. ಹಸುವಿನ ಹೊಟ್ಟೆಗೆ ಹೋದ ಸೀಸ ಹಾಲಿನಲ್ಲಿಯೂ ಬರುತ್ತದೆ.

ಎತ್ತಿಗೆ ಹಚ್ಚುವಾಗ ಮಕ್ಕಳು ಮನೆಯ ನಾಯಿಯನ್ನೂ ಎಳೆದು ತರುತ್ತಾರೆ, ರಂಗಪಂಚಮಿಗಂತೂ ಓಣಿಯ ಯಾವ ನಾಯಿಯನ್ನೂ ಬಿಡುವುದಿಲ್ಲ. ನಾಯಿಯ ಚರ್ಮ ನಮ್ಮ ಚರ್ಮಕ್ಕಿಂತ ತೆಳು, ಮತ್ತು ಅದು ಮೈಯನ್ನು ನೆಕ್ಕುವುದು ಎತ್ತಿಗಿಂತ ಹೆಚ್ಚು. ನೇಪಾಳದಲ್ಲಿ ದೀಪಾವಳಿಯ ಹೊತ್ತಿನ ತಿಹಾರ ಹಬ್ಬದಲ್ಲಿ ನಾಯಿಗಳಿಗೆಂದೇ ಒಂದು ದಿನವಿದೆ. ಅಲ್ಲಿಯೂ ಹಣೆಗೆ ತಿಲಕವಿಟ್ಟು ಕೊರಳಿಗೆ ಚೆಂಡುಹೂವಿನ ಮಾಲೆ ಹಾಕುತ್ತಾರೆ. ನಮ್ಮ ನಾಯಿಗೂ ಅಷ್ಟು ಸಾಕು. ತಲೆಗೂದಲಿಗೆ ನಾವು ಹಚ್ಚುವ ಕಪ್ಪು ಬಣ್ಣ ಮತ್ತು ಬೇಗ ಕಪ್ಪಾಗುವಂತೆ ರಾಸಾಯನಿಕ ಬೆರೆಸಿದ ಮೆಹೆಂದಿ ನಾಯಿಗೆ ಬೇಡವೇ ಬೇಡ. ಬೆಕ್ಕಿಗೆ ಯಾವ ಬಣ್ಣವನ್ನೂ ಹಚ್ಚಬಾರದು. ಅದು ಎಚ್ಚರವಿರುವಾಗ ಬಹಳ ಹೊತ್ತು ಮೈ ನೆಕ್ಕುತ್ತ ಕೂಡುತ್ತದೆ, ಮತ್ತು ನಮ್ಮ ದೇಹ ಅರಗಿಸಿಕೊಳ್ಳುವ ಕೆಲವು ರಾಸಾಯನಿಕಗಳನ್ನು ಅದರ ಯಕೃತ್ತು ಅರಗಿಸಿಕೊಳ್ಳಲಾರದು. ಜಾತ್ರೆಯಲ್ಲಿ ಹಸಿರು, ಗುಲಾಬಿ ಬಣ್ಣ ಹಚ್ಚಿ ಮಾರುವ ಕೋಳಿಮರಿಗಳನ್ನು ಕೊಳ್ಳಬೇಡಿ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಕಾವು ಬೇಕು. ಅದನ್ನು ಬಣ್ಣದ ನೀರಿನಲ್ಲಿ ಅದ್ದಿ ಬುಟ್ಟಿಯಲ್ಲಿ ಇಟ್ಟವರು ಅದರ ಆಯುಷ್ಯದ ಲೆಕ್ಕ ಇಟ್ಟುಕೊಂಡಿರುವುದಿಲ್ಲ.

ಬಣ್ಣ ತೆಗೆಯುವಾಗ ಆಗುವ ಕೇಡು ಹಚ್ಚುವಾಗಿನದಕ್ಕಿಂತ ಕಡಿಮೆಯದಲ್ಲ. ಯಾರೋ ಎರಚಿದ ಆಯಿಲ್ ಪೇಂಟು ಮೈಗೆ ಹತ್ತಿದ್ದರೆ ಸೀಮೆಎಣ್ಣೆ, ಪೆಟ್ರೋಲು, ಟರ್ಪೆಂಟೈನು ಯಾವುದನ್ನೂ ಹಚ್ಚಬೇಡಿ. ಅವು ಚರ್ಮವನ್ನು ಸುಡುತ್ತವೆ, ನೆಕ್ಕಿದಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹಸಿ ಪೇಂಟಿನ ಮೇಲೆ ಅಡುಗೆ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಬಟ್ಟೆಯಿಂದ ಒರೆಸಿ, ಕಡಲೆಹಿಟ್ಟಿನಿಂದಲೋ ಮೆದು ಸಾಬೂನಿನಿಂದಲೋ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಒಣಗಿ ಗಟ್ಟಿಯಾಗಿದ್ದರೆ ಆ ಕೂದಲನ್ನೇ ಕತ್ತರಿಸುವುದು ಸುಲಭ. ಒಣ ಗುಲಾಲು ಬಿದ್ದಿದ್ದರೆ ನೀರು ಹಾಕುವ ಮೊದಲು ಬಟ್ಟೆಯಿಂದ ಕೊಡವಿ, ಇಲ್ಲವಾದರೆ ಬಣ್ಣ ಬಿಟ್ಟು ಚರ್ಮಕ್ಕೆ ಇಳಿಯುತ್ತದೆ. ಕಣ್ಣಿಗೆ ಹೋದರೆ ತಣ್ಣೀರನ್ನು ಹತ್ತು ಹದಿನೈದು ನಿಮಿಷ ಸಣ್ಣ ಧಾರೆಯಾಗಿ ಬಿಡುತ್ತಿರಬೇಕು.

ಬಣ್ಣ ಹೊಟ್ಟೆಗೆ ಹೋಗಿದೆ ಎಂಬ ಸಂಶಯವಿದ್ದರೆ ಗೊಟ್ಟದಲ್ಲಿ ಎಣ್ಣೆ ಕುಡಿಸುವುದು, ವಾಂತಿ ಮಾಡಿಸಲು ಉಪ್ಪುನೀರು ಹಾಕುವುದು ಬೇಡ. ಜೊಲ್ಲು ಸುರಿಸುವುದು, ಮೇವು ಬಿಡುವುದು, ಹಲ್ಲು ಕಡಿಯುವುದು, ಕಣ್ಣು ಕಾಣದಂತೆ ತಡವರಿಸುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರನ್ನು ಕರೆಯಬೇಕು. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಫೋನು ಮಾಡಬಹುದು. ಬಣ್ಣದ ಡಬ್ಬಿಯನ್ನು ಎಸೆಯದೆ ಅವರಿಗೆ ತೋರಿಸಿ, ಚಿಕಿತ್ಸೆ ಅದರಲ್ಲಿ ಏನಿದೆ ಎಂಬುದನ್ನು ಅವಲಂಬಿಸಿರುತ್ತದೆ. ಹಬ್ಬದ ಹಿಂದಿನ ದಿನವಾದ ಹೊನ್ನುಗ್ಗಿಗೆ ಹುಗ್ಗಿ, ಹೋಳಿಗೆ ಹೆಚ್ಚಾಗಿ ತಿನ್ನಿಸಿದ್ದರಿಂದಲೂ ಎತ್ತು ಮೇವು ಬಿಡುತ್ತದೆಯಾದ್ದರಿಂದ ಏನೇನು ತಿನ್ನಿಸಿದ್ದೀರಿ ಎಂಬುದನ್ನೂ ಮುಚ್ಚಿಡಬೇಡಿ.

ಮೈ ತುಂಬ ಬಣ್ಣ ಬಳಿಯುವ ಮಕ್ಕಳ ಆಸೆಗೆ ಹದಿನೈದು ದಿನಗಳಲ್ಲಿಯೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಕೊಂಬಿನಿಂದ ಬಾಲದವರೆಗೆ ಬೇಕಾದ ಬಣ್ಣವನ್ನು ಆ ಎತ್ತುಗಳಿಗೆ ಬಳಿಯಲಿ. ಆದರೆ ಪೂಜೆಯಾದ ಮೇಲೆ ಅವುಗಳನ್ನು ದನ ನೀರು ಕುಡಿಯುವ ಹಳ್ಳಕ್ಕೋ ಕೆರೆಗೋ ಬಿಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಅವುಗಳಿಗೂ ಹುರಮಂಜು, ಅರಿಷಿಣವನ್ನೇ ಕೊಡಿ.